ಫೆಟಾಕ್ಕಿರುವ ಕಾವಲು ಬ್ಯಾಡಗಿ ಮೆಣಸಿನಕಾಯಿಗೂ ಬೇಕು

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯ ಗ್ರೀಸ್ ಪ್ರವಾಸ ಲೇಖನ ಓದಿದೆವು. ನೀಲಿ ಗುಮ್ಮಟ, ಸುಣ್ಣದ ಗೋಡೆ, ಕಡಲು ಎಲ್ಲ ಸರಿ. ಆದರೆ ಆ ದೇಶದ ಬಹುಭಾಗ ಗುಡ್ಡಗಾಡು. ಅಲ್ಲಿನ ಹಳ್ಳಿಗಳ ಬದುಕು ಕುರಿ, ಮೇಕೆ, ಆಲಿವ್ ಮರಗಳನ್ನು ನೆಚ್ಚಿಕೊಂಡಿದೆ. ಅದರ ಬಗ್ಗೆ ಇದ್ದದ್ದು ಒಂದೇ ಮಾತು, ಫೆಟಾ ಎಂಬ ಅಲ್ಲಿನ ಚೀಸ್ ಗ್ರೀಕರ ಪನೀರ್ ಅಂತ. ಅದು ತಪ್ಪು.

ಪನೀರಿಗೆ ಕಾದ ಹಾಲನ್ನು ಲಿಂಬೆರಸ ಹಾಕಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ ಭಾರ ಹೇರುತ್ತೇವೆ. ಅಂದೇ ತಿನ್ನಬಹುದು. ಫೆಟಾಕ್ಕೆ ಕನಿಷ್ಠ 2 ತಿಂಗಳು ಬೇಕು. ಹಾಲಿನಲ್ಲಿ ನೂರಕ್ಕೆ 70 ಪಾಲಾದರೂ ಕುರಿಯದೇ ಇರಬೇಕು, ಮೇಕೆಯದು 30ಕ್ಕೆ ಮೀರಬಾರದು, ಹಸುವಿನದು ಹನಿಯೂ ಕೂಡದು. ಹಾಲಿನ ಪುಡಿ, ಬಣ್ಣ ಹಾಕುವಂತಿಲ್ಲ. ಸುಮಾರು 35 ಡಿಗ್ರಿಯ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಮತ್ತು ರೆನೆಟ್ ಎಂಬ ಕಿಣ್ವ ಸೇರಿಸಿದರೆ ಮುಕ್ಕಾಲು ತಾಸಿನಿಂದ ಒಂದು ತಾಸಿನೊಳಗೆ ಗಟ್ಟಿಯಾಗುತ್ತದೆ. ಅದನ್ನು 2-3 ಸೆಂಟಿಮೀಟರ್ ತುಂಡುಗಳಾಗಿ ಕೊಯ್ದು, ಹತ್ತು ನಿಮಿಷ ಬಿಟ್ಟು, ತೂತಿನ ಅಚ್ಚುಗಳಿಗೆ ಮೆಲ್ಲಗೆ ಬಗೆದು ಹಾಕುತ್ತಾರೆ. ಮೇಲೆ ಭಾರ ಇಡುವುದೇ ಇಲ್ಲ, ನೀರು ತಾನಾಗಿ ಬಸಿಯಬೇಕು. ಅವಸರಪಟ್ಟು ಒತ್ತಿದರೆ ಒಣಗಿ ಪುಡಿಯಾಗುತ್ತದೆ. ಆಮೇಲೆ ಹರಳುಪ್ಪು ಉದುರಿಸಿ, ಮರದ ಪೀಪಾಯಿಗೋ ಡಬ್ಬಕ್ಕೋ ತುಂಬಿ, ಲೀಟರಿಗೆ 70 ಗ್ರಾಂನಷ್ಟು ಉಪ್ಪಿರುವ ನೀರು ಹೊಯ್ಯುತ್ತಾರೆ. ಮೊದಲ ಹದಿನೈದು ದಿನದವರೆಗೆ 18 ಡಿಗ್ರಿ ಮೀರದ ಜಾಗ, ನಂತರ 2ರಿಂದ 4 ಡಿಗ್ರಿ ತಂಪು. ಉಪ್ಪು ಕಡಿಮೆಯಾದರೆ ಹೊರಮೈ ಲೋಳೆಗಟ್ಟುತ್ತದೆ. ತುಂಡು ನೀರಿನಿಂದ ಮೇಲೆದ್ದರೆ ಬೂಷ್ಟು ಹಿಡಿಯುತ್ತದೆ. ಮನೆಗೆ ತಂದವರೂ ಬರೀ ನೀರಿನಲ್ಲಿ ಮುಳುಗಿಸಿಡಬಾರದು.

ಊಟಕ್ಕೆ ಟೊಮೆಟೊ, ಸೌತೆಕಾಯಿ, ಉಳ್ಳಾಗಡ್ಡಿ, ಆಲಿವ್ ಮೇಲೆ ಇಡೀ ಹೋಳನ್ನೇ ಇಟ್ಟು, ಆಲಿವ್ ಎಣ್ಣೆ, ಓರೆಗಾನೊ ಎಂಬ ಘಮದ ಸೊಪ್ಪು ಹಾಕುತ್ತಾರೆ. ವ್ರತ ಪಾಲಿಸುವವರು ಬುಧವಾರ, ಶುಕ್ರವಾರ ಮತ್ತು ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ಇದನ್ನು ಮುಟ್ಟುವುದಿಲ್ಲ. ನಮ್ಮ ಶ್ರಾವಣದವರಿಗೆ ಇದು ಬೇಗ ಅರ್ಥವಾದೀತು.

ಅಲ್ಲಿನ ಕುರಿಗಾಹಿಗಳ ರೂಢಿಯಂತೆ ಹಿಂಡು ಏಪ್ರಿಲ್ 23ರ ಸಂತ ಜಾರ್ಜ್ ಹಬ್ಬದ ಹೊತ್ತಿಗೆ ಪಿಂಡಸ್ ಬೆಟ್ಟ ಹತ್ತಬೇಕು, ಅಕ್ಟೋಬರ್ 26ರ ಸಂತ ದಿಮಿತ್ರಿಯೋಸ್ ಹಬ್ಬದ ಹೊತ್ತಿಗೆ ಥೆಸಲಿಯ ಬಯಲಿಗೆ ಇಳಿಯಬೇಕು. ಈಗ ಹೆಚ್ಚಿನವರು ಲಾರಿಯಲ್ಲಿ ಸಾಗಿಸುತ್ತಾರೆ. 2024ರ ಜುಲೈನಲ್ಲಿ ಅದೇ ಥೆಸಲಿಯಲ್ಲಿ ಕುರಿ, ಮೇಕೆಗಳಿಗೆ ತಗಲುವ ಪಿಪಿಆರ್ ಎಂಬ ಸಾಂಕ್ರಾಮಿಕ ರೋಗ ಕಾಣಿಸಿತು. ನಾವಾದರೆ ಲಸಿಕೆ ಹಾಕಿಸುತ್ತೇವೆ. ಅಲ್ಲಿ ರೋಗ ಬಂದ ಹಿಂಡನ್ನೇ ಕೊಲ್ಲಬೇಕಾಯಿತು. ಕುರಿ ಸಾಕಿದವರಿಗೆ ಆ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಕಷ್ಟದ ಕಸುಬು ಉಳಿದಿರುವುದಕ್ಕೆ ಹೆಸರಿನ ಕಾವಲೂ ಒಂದು ಕಾರಣ ಎಂಬುದು ನಮ್ಮ ಅಭಿಪ್ರಾಯ. 1996ರಲ್ಲಿ ಫೆಟಾ ಗ್ರೀಸಿನದೆಂದು ಐರೋಪ್ಯ ಒಕ್ಕೂಟದಲ್ಲಿ ನೋಂದಣಿಯಾಯಿತು. 1999ರಲ್ಲಿ ಒಕ್ಕೂಟದ ನ್ಯಾಯಾಲಯ ಅದನ್ನು ರದ್ದು ಮಾಡಿತು. 2002ರಲ್ಲಿ ಮತ್ತೆ ನೋಂದಣಿ ಸಿಕ್ಕಿತು. ಡೆನ್ಮಾರ್ಕ್, ಜರ್ಮನಿ ತಕರಾರು ಹೂಡಿದರೂ 2005ರಲ್ಲಿ ತೀರ್ಪು ಗ್ರೀಸಿನ ಪರವಾಯಿತು. ಒಕ್ಕೂಟದ ಹೊರಗಿನ ದೇಶಗಳಿಗೆ ಅದೇ ಹೆಸರಿನಲ್ಲಿ ಚೀಸ್ ಕಳಿಸುವುದನ್ನು ಡೆನ್ಮಾರ್ಕ್ ತಡೆಯದಿದ್ದುದೂ ತಪ್ಪೆಂದು 2022ರಲ್ಲಿ ನ್ಯಾಯಾಲಯ ಹೇಳಿತು.

ನಮ್ಮ ಬ್ಯಾಡಗಿ ಮೆಣಸಿನಕಾಯಿಗೂ ಇಂಥದೇ ಹೆಸರಿನ ಕಾವಲಾದ ಜಿಐ (ಭೌಗೋಳಿಕ ಗುರುತು) ಟ್ಯಾಗ್ 2011ರಲ್ಲಿ ಬಂತು. ಆದರೂ ಹೊರಗಿನ ಕಾಯಿ, ಬೇರೆ ತಳಿಯ ಕಾಯಿ ಇದೇ ಹೆಸರಿನಲ್ಲಿ ಬಿಕರಿಯಾಗುತ್ತಿದೆ. ಬ್ಯಾಡಗಿಯ ಬಗೆಗಳಾದ ಕಡ್ಡಿ, ಡಬ್ಬಿಗಳ ಸುಕ್ಕು ಸಿಪ್ಪೆ, ಕಡುಗೆಂಪು, ಕಡಿಮೆ ಖಾರ ಬಲ್ಲವರು ಕೈಯಲ್ಲಿ ಹಿಡಿದು ಗುರುತಿಸಿಯಾರು; ಪುಡಿ ಮಾಡಿದ ಮೇಲೆ ಯಾರಿಗೆ ತಿಳಿಯುತ್ತದೆ? ತೂಕಕ್ಕಾಗಿ ನೀರು ಚಿಮುಕಿಸಿದ ಕಾಯಿಯ ಒಳಗೆ ಬೂಷ್ಟು ಬೆಳೆದು ಒಳ್ಳೆಯ ಮಾಲಿಗೂ ಕೆಟ್ಟ ಹೆಸರು ಬರುತ್ತಿದೆ.

ಆದ್ದರಿಂದ ಪ್ರತಿ ಚೀಲಕ್ಕೆ ತಳಿ, ಊರು, ಕೊಯ್ಲಿನ ತಿಂಗಳು ಬರೆದ ಚೀಟಿ ಕಡ್ಡಾಯವಾಗಲಿ. ಹರಾಜಿಗೆ ಮೊದಲು ತೇವಾಂಶ ಅಳೆಯಲಿ. ಪುಡಿಯ ಪೊಟ್ಟಣದ ಮೇಲೆ ಬ್ಯಾಡಗಿ ಎಂದು ಹಾಕುವವರು ಅದರಲ್ಲಿ ಬ್ಯಾಡಗಿ ಕಾಯಿ ಎಷ್ಟು ಪಾಲು ಎಂಬುದನ್ನೂ ಅಚ್ಚು ಹಾಕಲಿ. ಮುಂದಿನ ಹಂಗಾಮಿನ ಆವಕ ಶುರುವಾಗುವ ಮುಂಚೆ ಜಿಲ್ಲಾಡಳಿತ ಈ ಮೂರನ್ನು ಜಾರಿಗೆ ತರಬೇಕು.

— ಬ್ಯಾಡಗಿ ತಾಲ್ಲೂಕಿನ ರೈತರು ಮತ್ತು ಕುರಿ ಸಾಕಣೆದಾರರು, ಹಾವೇರಿ ಜಿಲ್ಲೆ