ಮನಸ್ಸಿನ ಚಿಕಿತ್ಸೆಯಲ್ಲಿ ಊಟದ ವಿಚಾರವೂ ಬರಲಿ

ಮಾನ್ಯ ಸಂಪಾದಕರೇ,

ಖಿನ್ನತೆ, ಮರೆವು ಎಂದು ವೈದ್ಯರ ಬಳಿ ಹೋದವರ ನಿದ್ದೆ, ಚಿಂತೆ, ಮನೆಯ ಪರಿಸ್ಥಿತಿ ಎಲ್ಲವೂ ವಿಚಾರಣೆಗೆ ಬರುತ್ತದೆ. ಊಟದ ವಿಚಾರ ಮಾತ್ರ ಬಿಟ್ಟುಹೋಗುತ್ತದೆ. ದೇಹದ ತೂಕದಲ್ಲಿ ಸುಮಾರು ಶೇ 2ರಷ್ಟಿರುವ ಮಿದುಳು ದೇಹದ ಶಕ್ತಿಯಲ್ಲಿ ಶೇ 20ರಷ್ಟನ್ನು ಬಳಸುತ್ತದೆ; ಆ ಶಕ್ತಿ ಬರುವುದು ಊಟದಿಂದಲೇ.

ನಮ್ಮ ತಾಯಿ ಒಲೆ ಆರಿಸುವುದನ್ನೇ ಮರೆಯತೊಡಗಿದಾಗ, ಸುಮ್ಮಸುಮ್ಮನೆ ಕಣ್ಣೀರು ಹಾಕತೊಡಗಿದಾಗ ‘ವಯಸ್ಸಾಯಿತಲ್ಲ’ ಎಂದು ನಾವೇ ತಳ್ಳಿಹಾಕಿದ್ದೆವು. ತಿಂಗಳುಗಳು ಕಳೆದ ಮೇಲೆ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ತೀರಾ ಕಡಿಮೆ ಇರುವುದು ತಿಳಿಯಿತು. ಆ ತಿಂಗಳುಗಳ ಬಗ್ಗೆ ಇಂದಿಗೂ ನೋವಿದೆ. ಮುಖ್ಯವಾಗಿ ಮಾಂಸ, ಮೀನು, ಮೊಟ್ಟೆ, ಹಾಲಿನಿಂದ ದೊರೆಯುವ ಈ ಜೀವಸತ್ವದ ಕೊರತೆಯನ್ನು ಬೇಗ ಗುರುತಿಸದಿದ್ದರೆ ನರಗಳಿಗೆ ಶಾಶ್ವತ ಹಾನಿಯೂ ಆಗಬಹುದು.

ಖಿನ್ನತೆಯಿದ್ದ 67 ಮಂದಿಯ ಮೇಲೆ ಆಸ್ಟ್ರೇಲಿಯಾದಲ್ಲಿ 12 ವಾರ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ತರಕಾರಿ, ಕಾಳು, ಮೀನು ಹೆಚ್ಚಿರುವ ಊಟಕ್ಕೆ ತಜ್ಞರ ಮಾರ್ಗದರ್ಶನ ಪಡೆದವರಲ್ಲಿ ಸುಮಾರು ಮೂರನೇ ಒಂದರಷ್ಟು ಜನ ಖಿನ್ನತೆಯಿಂದ ಹೊರಬಂದರು. ಬರೀ ಒಡನಾಟದ ಆಸರೆ ಪಡೆದವರಲ್ಲಿ ಈ ಪ್ರಮಾಣ ಶೇ 8. ಅಧ್ಯಯನ ಚಿಕ್ಕದು, ನಿಜ. ಊಟದಿಂದಲೇ ಗುಣವಾಗುತ್ತದೆ ಎಂದುಕೊಂಡು ಯಾರೂ ಔಷಧಿ ನಿಲ್ಲಿಸಬಾರದು.

ಮಾನಸಿಕ ಆರೋಗ್ಯ ತಪಾಸಣೆಯ ಮೊದಲ ಭೇಟಿಯಲ್ಲೇ ಆಹಾರದ ಬಗ್ಗೆ ವಿಚಾರಿಸಿ, ಅಗತ್ಯವಿದ್ದವರಿಗೆ ಬಿ12 ಮತ್ತು ಕಬ್ಬಿಣಾಂಶದ ಪರೀಕ್ಷೆ ಮಾಡಿಸುವ ಕ್ರಮವನ್ನು ವೈದ್ಯರು ರೂಢಿಸಿಕೊಳ್ಳಲಿ.

– ಒಬ್ಬ ಓದುಗ