ಎರಡನೇ ಮುದ್ರಣದ ಹೊತ್ತಿಗೆ, ಓದಿದೋರಿಗೆಲ್ಲ ಥ್ಯಾಂಕ್ಸ್

ನನ್ನ ಕಾದಂಬರಿ ಎರಡನೇ ಮುದ್ರಣಕ್ಕೆ ಹೋಯ್ತು. ಕಥೆಗಿಂತ ಕಡಲಿನ ಸದ್ದೇ ಜಾಸ್ತಿ ಇರೋ, ಪ್ಯಾರಾ ಪ್ಯಾರಾ ಪದ್ಯದ ಥರ ಓಡೋ ಪುಸ್ತಕನ ಇಷ್ಟು ಜನ ಓದ್ತಾರೆ, ಓದಿ ಕೂತು ಬರೀತಾರೆ ಅಂತ ನಾನಂತೂ ಅಂದ್ಕೊಂಡಿರ್ಲಿಲ್ಲ. ಫೋನ್ ಮಾಡಿದೋರು, ಮೆಸೇಜ್ ಹಾಕಿದೋರು, ಇನ್‌ಲ್ಯಾಂಡ್ ಲೆಟರ್ ಬರೆದೋರು ಕೂಡ ಇದ್ದಾರೆ, ಎಲ್ಲರಿಗೂ ಬೇರೆ ಬೇರೆಯಾಗಿ ಉತ್ತರ ಕೊಡೋಕೆ ಆಗ್ಲಿಲ್ಲ, ಅದಕ್ಕೇ ಇದು.

ಮಲ್ಪೆಯಿಂದ ಒಬ್ರು ಬೋಟಿನ ಮಾಲೀಕರು ಫೋನ್ ಮಾಡಿದ್ರು. ಕಾದಂಬರಿ ನಡೆಯೋದು ಜೂನ್ 1ರಿಂದ ಜುಲೈ 31ರ ತನಕ, ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಟ್ರಾಲರ್‌ಗಳೆಲ್ಲ ಬಂದರಲ್ಲಿ ಕಟ್ಟಿ ಹಾಕಿರ್ತಾವಲ್ಲ ಆ 61 ದಿನದಲ್ಲಿ. ನೀವು ಬರೆದದ್ದು ಚೆಂದ ಉಂಟು ಮೇಡಂ, ಆದ್ರೆ ನಮಗೆ ಆ ಎರಡು ತಿಂಗಳಲ್ಲಿ ಮಳೆ ಕಾಣೋದಿಲ್ಲ, ಬ್ಯಾಂಕಿನ ಕಂತು ಮಾತ್ರ ಕಾಣೋದು ಅಂದ್ರು. ಬೇಜಾರಲ್ಲಿ ಹೇಳಿದ್ದಲ್ಲ, ಮತ್ತೆ ಅರ್ಧ ಗಂಟೆ ಮಾತಾಡಿದ್ರು, ಬಲೆ ರಿಪೇರಿ, ಡೀಸೆಲ್ಲು, ಊರಿಗೆ ಹೋದ ಕೆಲಸದೋರು ಆಗಸ್ಟಿಗೆ ವಾಪಸ್ ಬರ್ತಾರೋ ಇಲ್ವೋ ಅನ್ನೋ ಚಿಂತೆ, ಎಲ್ಲ. ಅವರು ಅಷ್ಟು ಬಿಡಿಸಿ ಹೇಳಿದ್ದು ನಂಗೆ ಯಾವ ಹೊಗಳಿಕೆಗಿಂತ ದೊಡ್ಡದು.

ಸಮುದ್ರ ವಿಜ್ಞಾನ ಓದ್ತಿರೋ ಒಬ್ಳು ಹುಡುಗಿ ಉದ್ದದ ಮೇಲ್ ಕಳಿಸಿದ್ಲು. ಪುಸ್ತಕದಲ್ಲಿ ಮಳೆಗಾಲದ ಕಡಲಿನ ಬಗ್ಗೆ 'ತಳ ಮೇಲೆ ಬರ್ತದೆ' ಅಂತ ಒಂದು ಸಾಲಿದೆ, ಊರಲ್ಲಿ ಕೇಳಿದ್ದನ್ನೇ ಬರೆದಿದ್ದೆ. ಅದು ನಿಜವಾಗ್ಲೂ ಹಾಗೇ ಅಂತೆ. ಮುಂಗಾರಿನ ಗಾಳಿ ದಡದ ಹತ್ರದ ಮೇಲ್ನೀರನ್ನ ಆಚೆಗೆ ಸರಿಸ್ತದೆ, ಆ ಜಾಗಕ್ಕೆ ಕೆಳಗಿನ ತಣ್ಣಗಿನ ನೀರು ಮೇಲೇಳ್ತದೆ, ಅದ್ರ ಜೊತೆ ಬರೋ ಪೋಷಕಾಂಶದಿಂದ ಸಣ್ಣ ಸಣ್ಣ ಪಾಚಿ ಬೆಳೀತದೆ, ಅದನ್ನ ತಿನ್ನೋಕೆ ಭೂತಾಯಿ ಮೀನು ಬರ್ತದೆ. ಪುಣ್ಯಾತ್ಗಿತ್ತಿ ಚಿತ್ರ ಬಿಡಿಸಿ ಬಾಣದ ಗುರುತು ಹಾಕಿ ಕಳಿಸಿದ್ದಾಳೆ! ಅದೀಗ ನನ್ನ ಮೇಜಿನ ಮುಂದಿನ ಗೋಡೆ ಮೇಲಿದೆ.

ಸಿಂಧನೂರು ಕಡೆಯ ಒಬ್ರು ಅಕ್ಕ ವಾಯ್ಸ್ ಮೆಸೇಜ್ ಕಳಿಸಿದ್ರು. "ನಾ ಸಮುದ್ರ ನೋಡಿಲ್ರಿ, ನಮ್ಮ ತಮ್ಮ ಮಲ್ಪ್ಯಾಗ ಬೋಟಿನ್ಯಾಗ ದುಡಿತಾನ, ಫೋನ್ ಹತ್ಲಿಲ್ಲಂದ್ರ ನಮ್ಮವ್ವ ಊಟ ಮಾಡಂಗಿಲ್ಲ, ನಿಮ್ಮ ಪುಸ್ತಕ ಓದಿದ ಮ್ಯಾಲೆ ಫೋನ್ ಯಾಕ ಹತ್ತಂಗಿಲ್ಲ ಅಂತ ತಿಳೀತ್ರಿ." ದಡ ಬಿಟ್ಟು ದೂರ ಹೋದ್ರೆ ಸಿಗ್ನಲ್ ಇರೋದಿಲ್ಲ ಅನ್ನೋದು ಕರಾವಳಿಯೋರಿಗೆ ಹೇಳ್ಬೇಕಾದ ಮಾತೇ ಅಲ್ಲ, ಅದಕ್ಕೇ ಪುಸ್ತಕದಲ್ಲಿ ಅದು ಅರ್ಧ ಸಾಲು ಮಾತ್ರ. ಆ ಅರ್ಧ ಸಾಲು ಅಷ್ಟು ದೂರದ ಒಂದು ಮನೆಗೆ ಬೇಕಾಗಿತ್ತು. ಅಕ್ಕಾ, ನಿಮ್ಮ ಮೆಸೇಜ್ ನಾನು ಎಷ್ಟೋ ಸಲ ಕೇಳಿದ್ದೀನಿ.

ದಡದಲ್ಲಿ ನಿಂತು ರಂಪಣಿ ಬಲೆ ಎಳೆದ ನೆನಪು ಬರೆದು ಕಳಿಸಿದ ನಿವೃತ್ತ ಮೇಷ್ಟ್ರಿಗೆ (ಯಂತ್ರದ ಪರ್ಸೀನ್ ಬೋಟು ಬರೋ ಮುಂಚೆ ಊರಿಗೆ ಊರೇ ಹಗ್ಗ ಹಿಡೀತಿತ್ತು, ಹಿಡಿದ ಹುಡುಗರಿಗೂ ಬಂಗುಡೆ ಪಾಲು ಸಿಗ್ತಿತ್ತು ಅಂತ ಬರೆದಿದ್ದಾರೆ), ಕುವೈತಲ್ಲಿ ಶಿಫ್ಟ್ ಮಧ್ಯೆ ಓದಿದೋರಿಗೆ, ಅರ್ಧಕ್ಕೇ ಬಿಟ್ಟೆ ಅಂತ ನೇರ ಹೇಳಿದೋರಿಗೆ, ಕರಡು ತಿದ್ದಿದ ಗೆಳತಿಗೆ, ಧೈರ್ಯ ಮಾಡಿ ಹಾಕಿದ ಪ್ರಕಾಶಕರಿಗೆ, ಎಲ್ಲರಿಗೂ ಥ್ಯಾಂಕ್ಸ್.

ತುಂಬ ಜನ ಕೇಳಿದ್ದು ಒಂದೇ ಪ್ರಶ್ನೆ, ಈ ವಾಕ್ಯಗಳು ಯಾಕೆ ನಿಲ್ಲೋದೇ ಇಲ್ಲ, ಈ ಭಾಷೆ ಎಲ್ಲಿಂದ ಬಂತು ಅಂತ. ಅದಕ್ಕೆ ಉತ್ತರ ಹೇಳ್ಬೇಕಂದ್ರೆ ನಮ್ಮ ಪಡುಮನೆ ಅಕ್ಕನ ಬಗ್ಗೆ ಹೇಳ್ಬೇಕು.

ಮರವಂತೆ ಹತ್ರ ನಮ್ಮನೆ. ನಮ್ಮಿಂದ ಪಡುವಣಕ್ಕೆ, ಕಡಲಿಗೆ ಇನ್ನೂ ಹತ್ರ, ಅವರ ಮನೆ. ಬುಟ್ಟಿ ಹೊತ್ತು ಮೀನು ಮಾರಿ ಮಕ್ಕಳನ್ನ ದಡ ಸೇರಿಸಿದೋರು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದ ರಾತ್ರಿ ಅಮ್ಮನಿಗೆ ಏನಾಗಿತ್ತು ಅಂತ ಗೊತ್ತಿರೋರಿಗೆ ಗೊತ್ತು, ಮತ್ತೆ ಹೇಳೋದಿಲ್ಲ. ಲಾಕ್‌ಡೌನ್ ಬೇರೆ. ಕರೆಂಟ್ ಇಲ್ಲ, ರಸ್ತೆ ಮೇಲೆ ಮರ ಬಿದ್ದು ಆಂಬುಲೆನ್ಸ್ ಬರೋ ಹಾಗಿಲ್ಲ, ಕಡಲು ಕಲ್ಲು ಹತ್ತಿ ತೋಟಕ್ಕೆ ನುಗ್ತಾ ಇದೆ. ಅಕ್ಕ ಮೊಮ್ಮಕ್ಕಳನ್ನ ಹೈವೇ ಆಚೆಯ ನೆಂಟರ ಮನೆಗೆ ಕಳಿಸಿ, ತಮ್ಮ ಮನೆಗೆ ಬೀಗ ಹಾಕಿ, ನೆನ್ಕೊಂಡು ನಮ್ಮನೆಗೆ ಬಂದ್ರು. ಅವರ ಮನೆ ಬೆಳಗಾಗೋದ್ರೊಳಗೆ ಇರ್ತದೋ ಇಲ್ವೋ ಅನ್ನೋದು ಅವರಿಗೇ ಗೊತ್ತಿರ್ಲಿಲ್ಲ.

ಬಂದೋರು ಅಮ್ಮನ ಕಾಲ ಹತ್ರ ಕೂತು ಅಂಗಾಲು ತಿಕ್ತಾ ಮಾತು ಶುರು ಮಾಡಿದ್ರು. ಮೊದಲ ಸಲ ಬುಟ್ಟಿ ಹೊತ್ತಾಗ ಕುತ್ತಿಗೆ ನೋವಾದದ್ದು, ಬಸ್ಸಲ್ಲಿ ಬುಟ್ಟಿ ಹತ್ತಿಸೋಕೆ ಕಂಡಕ್ಟರ್ ಹತ್ರ ಜಗಳ ಮಾಡಿದ್ದು, ಯಾರ ಮನೆಯೋರು ಅಂಜಲ್ ಮಾತ್ರ ಕೇಳ್ತಾರೆ, ಯಾರು ಬಂಗುಡೆಗೂ ಚೌಕಾಸಿ ಮಾಡ್ತಾರೆ, ಗಂಡ ದೋಣಿಯಿಂದ ತಡವಾಗಿ ಬಂದ ದಿನ ಏನು ಅಡುಗೆ ಮಾಡಿದ್ದೆ, ಒಂದಕ್ಕೊಂದು ಸಂಬಂಧ ಇಲ್ಲ, ಎಲ್ಲೂ ಫುಲ್‌ಸ್ಟಾಪ್ ಇಲ್ಲ, ಮಾತು ನಿಂತ್ರೆ ಅಮ್ಮ ಕಣ್ಣು ಮುಚ್ತಾಳೆ ಅನ್ನೋ ಭಯದಲ್ಲಿ ಆ ಹೆಂಗಸು ರಾತ್ರಿಯಿಡೀ ಮಾತಾಡಿದ್ರು. ನಡುನಡುವೆ ಕಿವಿ ಹೊರಗೆ. ಅಲೆ ಕಲ್ಲಿಗೆ ಬಡಿಯೋ ಸದ್ದಿಗೂ ಹಿಂದಕ್ಕೆ ಎಳಕೊಳ್ಳೋ ಸದ್ದಿಗೂ ಇರೋ ವ್ಯತ್ಯಾಸ ಅವರಿಗೆ ಗೊತ್ತಿತ್ತು. ನಂಗೆ ಎರಡೂ ಒಂದೇ ಗುಡುಗು. ಯಾವಾಗ್ಲೋ ಒಮ್ಮೆ ಮಾತಿನ ಮಧ್ಯದಲ್ಲೇ ನನ್ನ ಕಡೆ ತಿರುಗಿ, "ಹೆದ್ರುಕಾಗ ಹೆಣೆ, ನೀರ್ ಇಳುಕ್ ಶುರು ಆಯ್ತ್, ಬೆಳಗಾಗ್ಲಿ ಕಾಂಬ" ಅಂದ್ರು. ಅಂದು ಮತ್ತೆ ಅಮ್ಮನಿಗೆ ಬಂಗುಡೆ ರೇಟು ಹೇಳೋಕೆ ಹೋದ್ರು.

ಅಮ್ಮ ಆ ರಾತ್ರಿ ದಾಟಿದ್ಲು. ಪುಸ್ತಕ ಬರೋ ತನಕ ಇರ್ಲಿಲ್ಲ. ಇದನ್ನ ಬರೀವಾಗ ಈಗ್ಲೂ ಕೈ ನಿಲ್ತದೆ. ಮೊದಲ ಪ್ರತಿ ಕೈಗೆ ಬಂದ ದಿನ ಯಾರಿಗೆ ತೋರಿಸ್ಲಿ ಅಂತ ಗೊತ್ತಾಗದೆ ಅಡುಗೆಮನೆಯಲ್ಲಿ ಸುಮ್ನೆ ನಿಂತಿದ್ದೆ, ಅಳು ಕೂಡ ಬರ್ಲಿಲ್ಲ.

ಆಮೇಲೆ ಪಡುಮನೆಗೆ ಹೋಗಿ ಕೊಟ್ಟೆ. ಅಕ್ಕನಿಗೆ ಓದೋಕೆ ಬರೋದಿಲ್ಲ. ಸೊಸೆ ದಿನಾ ರಾತ್ರಿ ಪಾತ್ರೆ ತೊಳೆದಾದ ಮೇಲೆ ಸ್ವಲ್ಪ ಸ್ವಲ್ಪ ಓದಿ ಹೇಳಿದಾಳೆ. ಮೀನು ಮಾರ್ಕೆಟಿನ ಚೌಕಾಸಿ ಬರೋ ಪುಟ ಮತ್ತೆ ಮತ್ತೆ ಓದಿಸಿದ್ರಂತೆ. ಮುಗಿದ ಮೇಲೆ ಬಂದು ನಮ್ಮ ಜಗುಲಿಯಲ್ಲಿ ಕೂತು ತುಂಬಾ ಹೊತ್ತು ಊರ ಸುದ್ದಿ ಮಾತಾಡಿ, ಹೊರಡುವಾಗ "ನಿನ್ನಬ್ಬಿ ಇರ್ಕಿತ್ತ್" ಅಂದ್ರು, ನಿನ್ನಮ್ಮ ಇರ್ಬೇಕಿತ್ತು ಅಂತ, ಅಷ್ಟೇ. ಇಷ್ಟು ಜನ ಇಷ್ಟು ಚೆನ್ನಾಗಿ ಬರೆದಿದ್ದೀರಿ, ಬೇಜಾರು ಮಾಡ್ಕೋಬೇಡಿ, ನಂಗೆ ಬಂದ ಪ್ರತಿಕ್ರಿಯೆಗಳಲ್ಲಿ ನಾನು ಎತ್ತಿಟ್ಟುಕೊಂಡಿರೋದು ಅದನ್ನೇ.

ಪುಸ್ತಕದ ಭಾಷೆ ನನ್ನದು ಅಂತ ಹೊಗಳಿದೋರೆಲ್ಲ ದಯವಿಟ್ಟು ತಿಳ್ಕೊಳ್ಳಿ, ಅದು ಆ ರಾತ್ರಿ ಕೇಳಿಸ್ಕೊಂಡದ್ದು. ಎರಡನೇ ಮುದ್ರಣದ ಮೊದಲ ಪುಟದಲ್ಲಿ ಅಕ್ಕನಿಗೆ ಅಂತ ಹಾಕಿಸಿದ್ದೀನಿ, ಹೆಸರು ಬೇಡ ಅಂದ್ರು, ಪಡುಮನೆ ಅಕ್ಕ ಅಂತಷ್ಟೇ ಇದೆ.

ನೂಲು ಹುಣ್ಣಿಮೆ ಸಮುದ್ರ ಪೂಜೆಗೆ ನಾನು ಊರಲ್ಲೇ ಇರ್ತೀನಿ. ಪುಸ್ತಕ ಓದಿ ಕಡಲು ನೋಡ್ಬೇಕು ಅಂತ ಬರೆದೋರು ಆಗ ಬನ್ನಿ, ಸಿಂಧನೂರಿನ ಅಕ್ಕ, ನೀವು ಖಂಡಿತ ಬನ್ನಿ, ಅವ್ವನ್ನೂ ಕರ್ಕೊಂಡು ಬನ್ನಿ. ಉಳಿಯೋಕೆ ನಮ್ಮನೇಲಿ ಜಾಗ ಇದೆ.