1957ರ ಸೆಟ್ ಮಾರುವ ಮುಂಚೆ: ಸೀನನಿಗೊಂದು ಪತ್ರ

ಪ್ರೀತಿಯ ಸೀನ,

ನಿನ್ನ ಬೇಸ್‌ಬಾಲ್ ಕಾರ್ಡುಗಳ ಬಗ್ಗೆ ಕಳಿಸಿದ ಮೆಸೇಜು ನೋಡಿದೆ. ‘ಸಾಕಾಗಿದೆ ಮಾರಾಯ. ಮ್ಯಾಂಟಲ್, ವಿಲಿಯಮ್ಸ್, ಕೋಫ್ಯಾಕ್ಸ್ ಇಟ್ಕೊಂಡು ಉಳಿದಿದ್ದೆಲ್ಲ ಒಟ್ಟಿಗೆ ಮಾರಿಬಿಡ್ತೀನಿ’ ಅಂತ ಬರೆದಿದ್ದೀಯ. ಫೋನ್ ಮಾಡಿದರೆ ನಡುವೆ ಬಾಯಿ ಹಾಕಿ ಮಾತು ಬೇರೆ ಕಡೆ ತಿರುಗಿಸುತ್ತೀಯ ಅಂತಲೇ ಈ ಕಾಗದ. ಎಲ್ಲರೂ ಓದಲಿ ಎಂದು ಇಲ್ಲಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಅಮೆರಿಕಕ್ಕೆ ಬಂದು ಹಳೇ ಬೇಸ್‌ಬಾಲ್ ಕಾರ್ಡಿನ (ಬಬಲ್ ಗಮ್ ಜೊತೆ ಬರುತ್ತಿದ್ದ ಆಟಗಾರರ ಚಿತ್ರದ ಚೀಟಿ) ಹುಚ್ಚು ಹತ್ತಿಸಿಕೊಂಡ ಕನ್ನಡದವರು ನಾವಿಬ್ಬರೇ ಇರಲಿಕ್ಕಿಲ್ಲ. ಅಂಚೆಚೀಟಿಯೋ ಬೆಂಕಿಪೊಟ್ಟಣದ ಚೀಟಿಯೋ ಕೂಡಿಸುತ್ತಾ ಕೂಡಿಸುತ್ತಾ ಅರ್ಧಕ್ಕೆ ಕೈಬಿಟ್ಟವರಂತೂ ಊರೂರಲ್ಲಿ ಸಿಗುತ್ತಾರೆ.

ನಿನ್ನ ತೊಂದರೆ ದುಡ್ಡಿನದಲ್ಲ, ನೀನು ಶುರು ಮಾಡಿದ ರೀತಿಯದು. ಮದುವೆ ಊಟಕ್ಕೆ ಕೂತವನು ಮೊದಲೇ ಹೋಳಿಗೆಯನ್ನೆಲ್ಲ ತಿಂದು ಮುಗಿಸಿ, ಅನ್ನ ಬಂದಾಗ ಹಸಿವಿಲ್ಲ ಅಂದ ಹಾಗಾಗಿದೆ. ಟಾಪ್ಸ್ ಕಂಪೆನಿಯ 1957ರ ಸೆಟ್ಟಿನಲ್ಲಿ 407 ಕಾರ್ಡು. ಅದರಲ್ಲಿ 1ನೇ ನಂಬರಿನ ಟೆಡ್ ವಿಲಿಯಮ್ಸ್, 10ರ ವಿಲಿ ಮೇಸ್, 95ರ ಮಿಕಿ ಮ್ಯಾಂಟಲ್, ಎಲ್ಲ ಘಟಾನುಘಟಿಗಳನ್ನೂ ನೀನು ಮೊದಲ ಹುರುಪಿನಲ್ಲೇ ಹಿಡಿದುಬಿಟ್ಟೆ. ಈಗ ಉಳಿದಿರುವುದು ಹೆಸರು ಕೇಳಿದರೆ ಯಾರೂ ತಲೆ ಎತ್ತದ ಮಂದಿ. ಅದೂ ಎಲ್ಲಿ? ನಿನ್ನ ಬೈಂಡರಿನ ನಟ್ಟ ನಡುವೆ. ಒಂಬತ್ತು ಕಿಸೆಯ ಪ್ಲಾಸ್ಟಿಕ್ ಹಾಳೆಯಲ್ಲಿ ನಂಬರಿನ ಕ್ರಮವಾಗಿ ಹಾಕುತ್ತಾ ಹೋದರೆ 30ನೇ ಹಾಳೆಯಿಂದ 40ರವರೆಗೆ ನಿನ್ನಲ್ಲಿ ಖಾಲಿ ಕಿಸೆಗಳದೇ ಕಾರುಬಾರು. 34ನೇ ಹಾಳೆಯಲ್ಲಿ ಕೋಫ್ಯಾಕ್ಸ್ ಒಬ್ಬನೇ, 37ರಲ್ಲಿ ಬ್ರೂಕ್ಸ್ ರಾಬಿನ್ಸನ್ ಒಬ್ಬನೇ.

ಅದು ಯಾಕೆ ಹಾಗೆ ಅಂತ ನಿನಗೆ ಗೊತ್ತು, ಓದುವವರಿಗಾಗಿ ಹೇಳುತ್ತೇನೆ. ಆಗೆಲ್ಲ ಟಾಪ್ಸ್‌ನವರು ಇಡೀ ಸೆಟ್ಟನ್ನು ಒಂದೇ ಸಲ ಅಂಗಡಿಗೆ ಬಿಡುತ್ತಿರಲಿಲ್ಲ. ಆಟದ ಕಾಲ ಸಾಗಿದಂತೆ ಸರಣಿ ಸರಣಿಯಾಗಿ, ಬಬಲ್ ಗಮ್ ಜೊತೆ ಬಿಡುತ್ತಿದ್ದರು. 1973ರವರೆಗೂ ಇದೇ ಪದ್ಧತಿ. ಸಾಮಾನ್ಯವಾಗಿ ಕೊನೆಯ ಸರಣಿ ಬರುವಷ್ಟರಲ್ಲಿ ಹುಡುಗರ ಗಮನ ಫುಟ್‌ಬಾಲಿನ ಕಡೆ ಹೊರಳಿರುತ್ತಿತ್ತು, ಅಂಗಡಿಯವರು ತರಿಸುವುದು ಕಮ್ಮಿ, ಹಾಗಾಗಿ ಇವತ್ತು ದೊಡ್ಡ ನಂಬರಿನವು ಅಪರೂಪ. 1952ರ ಕಥೆ ಎಲ್ಲರಿಗೂ ಗೊತ್ತಿರುವುದೇ: ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಯಲ್ಲಿ ಹೇರಿಕೊಂಡು ಹೋಗಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದೆವು ಅಂತ ಟಾಪ್ಸ್‌ನ ಸೈ ಬರ್ಗರ್ ಹೇಳುತ್ತಿದ್ದರು. ಆ ಕೊನೆಯ ಸರಣಿಯ ಮೊದಲ ಕಾರ್ಡು, 311ನೇ ನಂಬರಿನ ಮ್ಯಾಂಟಲ್, ಒಂದು ಪ್ರತಿ 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಆದರೆ 1957ರದು ತಿರುವುಮುರುವು. ಕೊನೆಯದು ಸಲೀಸಾಗಿ ಸಿಗುತ್ತದೆ, ಕಾಡುವುದು ನಾಲ್ಕನೆಯ ಸರಣಿ, 265ರಿಂದ 352ರವರೆಗಿನ 88 ಕಾರ್ಡು. ಬೇರೆ ಸರಣಿಯ ಸಾಧಾರಣ ಆಟಗಾರನಿಗೆ ಕೊಡುವ ದುಡ್ಡಿಗಿಂತ ಇಲ್ಲಿನ ಸಾಧಾರಣನಿಗೆ ಎಷ್ಟೋ ಪಟ್ಟು ಹೆಚ್ಚು. ‘ಯಾರೋ ಒಬ್ಬ ಅನಾಮಧೇಯನಿಗೆ ಅಷ್ಟು ದುಡ್ಡು ಯಾಕೆ ಸುರೀಬೇಕು’ ಅನ್ನೋ ನಿನ್ನ ಸಿಟ್ಟು ಇಲ್ಲಿಂದ ಹುಟ್ಟಿದ್ದು.

ಸರಿ, ಆ ಅನಾಮಧೇಯರಲ್ಲಿ ಮೊದಲನೆಯವನನ್ನೇ ನೋಡೋಣ. 265, ಹಾರ್ವಿ ಹ್ಯಾಡಿಕ್ಸ್. ನಿನ್ನ ಲಿಸ್ಟಿನಲ್ಲಿ ಅವನಿಲ್ಲ. ಎಡಗೈ ಪಿಚರ್ (ಬ್ಯಾಟರಿಗೆ ಚೆಂಡು ಎಸೆಯುವವನು), ಹುಟ್ಟಿದ್ದು ಒಹಾಯೊದ ಮೆಡ್‌ವೇಯಲ್ಲಿ, ನಿನ್ನ ಕೊಲಂಬಸ್ಸಿನಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ ಇದ್ದೀತು. ಈ ಕಾರ್ಡು ಬಂದು ಎರಡು ವರ್ಷಕ್ಕೆ, 1959ರ ಮೇ 26ರ ರಾತ್ರಿ, ಪಿಟ್ಸ್‌ಬರ್ಗ್ ಪೈರೇಟ್ಸ್ ಪರ ಮಿಲ್ವಾಕಿಯಲ್ಲಿ ಆಡಲು ಇಳಿದ. ಒಂಬತ್ತು ಇನಿಂಗ್ಸ್‌ನಲ್ಲಿ ಎದುರಿನ 27 ಮಂದಿಯನ್ನೂ, ಒಬ್ಬನೂ ಬೇಸ್ ಮುಟ್ಟದ ಹಾಗೆ, ಸಾಲಾಗಿ ಔಟ್ ಮಾಡಿದರೆ ಅದಕ್ಕೆ ಪರ್ಫೆಕ್ಟ್ ಗೇಮ್ ಅನ್ನುತ್ತಾರೆ. ಇಡೀ ಜೀವಮಾನದಲ್ಲಿ ಒಂದು ಸಿಕ್ಕರೆ ಪುಣ್ಯ. ಹ್ಯಾಡಿಕ್ಸ್ 27 ಮಂದಿಯನ್ನೂ ಕಳಿಸಿದ. ಆದರೆ ಅವನ ತಂಡದವರು ಎದುರಾಳಿ ಪಿಚರ್ ಲೂ ಬರ್ಡೆಟ್‌ಗೆ 12 ಹಿಟ್ ಹೊಡೆದೂ ಒಂದು ರನ್ ಗಳಿಸಲಿಲ್ಲ. ಸೊನ್ನೆಗೆ ಸೊನ್ನೆ. ಆಟ ಮುಂದುವರಿಯಿತು. ಹತ್ತು, ಹನ್ನೊಂದು, ಹನ್ನೆರಡು. 36 ಮಂದಿ, 36 ಔಟ್. ಅಲ್ಲಿಯವರೆಗೆ ಯಾರೂ ಮಾಡಿರದ ಕೆಲಸ.

ಹದಿಮೂರನೆಯ ಇನಿಂಗ್ಸ್‌ನ ಮೊದಲ ಬ್ಯಾಟರ್ ಫೀಲಿಕ್ಸ್ ಮಾಂಟಿಯಾ ಚೆಂಡನ್ನು ನೆಲಕ್ಕೆ ತಟ್ಟಿದ. ಥರ್ಡ್ ಬೇಸಿನಲ್ಲಿದ್ದ ಡಾನ್ ಹೋಕ್ ಎತ್ತಿಕೊಂಡು ಫಸ್ಟ್ ಬೇಸಿಗೆ ಎಸೆದ, ಎಸೆತ ಕೆಟ್ಟಿತು. ಪರ್ಫೆಕ್ಟ್ ಅಲ್ಲಿಗೆ ಮುಗಿಯಿತು. ಎಡ್ಡಿ ಮ್ಯಾಥ್ಯೂಸ್ ತಾನು ಔಟಾಗಿ ಮಾಂಟಿಯಾನನ್ನು ಮುಂದಕ್ಕೆ ತಳ್ಳಿದ. ಹ್ಯಾಂಕ್ ಏರನ್‌ನನ್ನು ಬೇಕಂತಲೇ ಹೊಡೆಯಲಾಗದ ಚೆಂಡೆಸೆದು ಫಸ್ಟ್ ಬೇಸಿಗೆ ನಡೆಸಿ ಕಳಿಸಿದರು. ಆಮೇಲೆ ಬಂದ ಜೋ ಆಡ್‌ಕಾಕ್ ಚೆಂಡನ್ನು ಬೇಲಿಯಾಚೆಗೆ ಅಟ್ಟಿದ. ಅದರಲ್ಲೂ ಒಂದು ಅವಾಂತರ: ಆಟ ಮುಗಿಯಿತು ಎಂದುಕೊಂಡು ಏರನ್ ಓಡುವ ದಾರಿ ಬಿಟ್ಟ, ಆಡ್‌ಕಾಕ್ ಅವನನ್ನು ದಾಟಿ ಓಡಿದ, ಹೋಮ್ ರನ್ ಹೋಗಿ ಡಬಲ್ (ಎರಡು ಬೇಸಿನ ಹೊಡೆತ) ಆಯಿತು. 1-0. ಅಂಥಾ ಆಟ ಆಡಿದವನು ಸೋತವನಾಗಿ ದಾಖಲಾದ. ಸಾಲದ್ದಕ್ಕೆ 1991ರಲ್ಲಿ ನಿಯಮದ ವ್ಯಾಖ್ಯೆ ಬದಲಿಸಿ, ಪರ್ಫೆಕ್ಟ್ ಗೇಮ್‌ಗಳ ಅಧಿಕೃತ ಪಟ್ಟಿಯಿಂದಲೂ ಆ ಆಟವನ್ನು ತೆಗೆದುಹಾಕಿದರು.

ಈಗ ಬೈಂಡರ್ ತೆಗೆ. ಹ್ಯಾಡಿಕ್ಸ್ 265, 30ನೇ ಹಾಳೆ. ಹೋಕ್ 274, ಮಗುಚಿದರೆ 31ನೇ ಹಾಳೆ. ಬರ್ಡೆಟ್, ಮಾಂಟಿಯಾ, ಮ್ಯಾಥ್ಯೂಸ್, ಆಡ್‌ಕಾಕ್ ನಿನ್ನ ಹತ್ತಿರ ಆಗಲೇ ಇದ್ದಾರೆ. 20ನೇ ನಂಬರಿನ ಏರನ್ ಅಂತೂ ಇದ್ದೇ ಇದ್ದಾನೆ, ನೆಗೆಟಿವ್ ತಿರುಗಿಸಿ ಅಚ್ಚು ಹಾಕಿ ಬಲಗೈ ಬ್ಯಾಟರನ್ನು ಎಡಚ ಮಾಡಿದ ಆ ಪ್ರಸಿದ್ಧ ಕಾರ್ಡು. ಹದಿಮೂರನೇ ಇನಿಂಗ್ಸಿನ ಆ ಇಡೀ ಗಲಾಟೆಯನ್ನು ಊಟದ ಮೇಜಿನ ಮೇಲೆ ಹರವಿಟ್ಟು ಆಡಿಸಬಹುದು, ನೀನು ದಂಡ ಅಂದ ಎರಡು ಕಾರ್ಡು ಸಿಕ್ಕರೆ. ಮರುವರ್ಷ 1960ರ ವರ್ಲ್ಡ್ ಸೀರೀಸ್‌ನ (ವರ್ಷದ ಅಂತಿಮ ಪಂದ್ಯಮಾಲೆಯ) ಏಳನೆಯ ಆಟ ಗೆದ್ದ ಪಿಚರ್ ಎಂದು ದಾಖಲಾದದ್ದೂ ಇದೇ ಹ್ಯಾಡಿಕ್ಸ್. ಆ ಆಟ ಮುಗಿಸಿದ ಹೋಮ್ ರನ್ ಮ್ಯಾಝೆರೋಸ್ಕಿಯದು, ಅವನ ಮೊದಲ ಕಾರ್ಡು ಇದೇ ಸೆಟ್ಟಿನ 24.

ಮ್ಯಾಂಟಲ್ ಕಾರ್ಡು ಒಂದೇ ಇದ್ದರೂ ಮ್ಯಾಂಟಲ್ಲೇ, ಅದಕ್ಕೆ ಸೆಟ್ ಬೇಕಿಲ್ಲ. ಹೋಕ್‌ಗೆ ಬೇಕು. ಹೋಕ್ ಯಾರೆಂದು ಗೊತ್ತಾಗುವುದು ಅವನ ಅಕ್ಕಪಕ್ಕದವರಿಂದ. ನನಗೆ ಉತ್ಸಾಹ ಕುಗ್ಗಿದಾಗೆಲ್ಲ ಮಾಡುವುದು ಇಷ್ಟೇ: ಹೊಸ ಕಾರ್ಡು ಬಂದ ದಿನ ಅದನ್ನು ಕಿಸೆಗೆ ತುರುಕುವುದಿಲ್ಲ. ಹಿಂದೆ ತಿರುಗಿಸಿ ಅಂಕಿಸಂಖ್ಯೆ ಓದುತ್ತೇನೆ. ಟಾಪ್ಸ್‌ನವರು ಆಟಗಾರನ ವರ್ಷವರ್ಷದ ಲೆಕ್ಕವನ್ನೂ ಕೊಡಲು ಶುರು ಮಾಡಿದ್ದೇ 1957ರಲ್ಲಿ. ಯಾವ ವರ್ಷ ಎಲ್ಲಿದ್ದ, ಎಷ್ಟು ಆಡಿದ, ನಡುವೆ ಯಾವ ವರ್ಷ ತಪ್ಪಿಹೋಯಿತು, ಯಾಕೆ ತಪ್ಪಿತು (ಬಹಳ ಮಂದಿಗೆ ಸೈನ್ಯ), ಇದನ್ನು ಹುಡುಕುತ್ತಾ ಹೊರಟರೆ ಒಂದು ಸಂಜೆ ಕಳೆಯುತ್ತದೆ. ಮುಂದಿನ ಕಾರ್ಡಿನ ಅವಸರ ತಾನಾಗೇ ಇಳಿಯುತ್ತದೆ.

ನಿನ್ನ ರಾಜ್ಯದವರದೇ ಇನ್ನೊಂದು. ಹರ್ಬ್ ಸ್ಕೋರ್, ಕ್ಲೀವ್‌ಲ್ಯಾಂಡಿನ ಎಡಗೈ ಪಿಚರ್. 1955ರಲ್ಲಿ ವರ್ಷದ ಹೊಸ ಆಟಗಾರ, 1956ರಲ್ಲಿ 20 ಗೆಲುವು. ಆ ಲೆಕ್ಕವೆಲ್ಲ ಕಾರ್ಡಿನ ಹಿಂದೆ ಠೀವಿಯಿಂದ ಕೂತಿದೆ. 1957ರ ಮೇ 7ರಂದು ಗಿಲ್ ಮೆಕ್‌ಡೂಗಲ್ಡ್ ಹೊಡೆದ ಚೆಂಡು ನೇರ ಬಂದು ಅವನ ಕಣ್ಣಿಗೆ ಬಡಿಯಿತು. ಕಣ್ಣು ಉಳಿಯಿತು, ಹಳೆಯ ಆಟ ಮರಳಲಿಲ್ಲ. ಆ ಬೇಸಿಗೆಯಲ್ಲಿ ಗಮ್ ಪೊಟ್ಟಣ ಬಿಚ್ಚಿದ ಕ್ಲೀವ್‌ಲ್ಯಾಂಡಿನ ಹುಡುಗನಿಗೆ ಈ ಕಾರ್ಡು ಬಂದಿದ್ದರೆ ಏನನ್ನಿಸಿರಬೇಕು ಯೋಚಿಸು. ನೀನು ಇದನ್ನು ‘ಲಾಟಾಗಿ’ ಮಾರುವವನು!

ಇನ್ನು ಕೆಲಸದ ಮಾತು. ಕಾರ್ಡಿನ ಸ್ಥಿತಿಯ ಬಗ್ಗೆ ಒಂದು ತೀರ್ಮಾನಕ್ಕೆ ಬಂದು ಅದಕ್ಕೆ ಅಂಟಿಕೋ. ನೀನು ಮೂಲೆ ಚೂಪಾಗಿರುವುದೇ ಬೇಕು ಅಂತೀಯ, ಬಿಳಿ ಅಂಚು ನಾಲ್ಕೂ ಕಡೆ ಸಮ ಇರಬೇಕು ಅಂತೀಯ, ಆಮೇಲೆ ಇರುವುದನ್ನೇ ಇನ್ನೂ ಚೆಂದದ್ದಕ್ಕೆ ಬದಲಾಯಿಸುತ್ತಾ ಕೂರುತ್ತೀಯ. ದುಡ್ಡು ಖರ್ಚಾಗುತ್ತದೆ, ಖಾಲಿ ಕಿಸೆ ಹಾಗೇ ಇರುತ್ತದೆ. 407 ಆಗುವವರೆಗೆ ಬದಲಾಯಿಸುವುದು ಬಂದ್. ನಾಲ್ಕನೇ ಸರಣಿಯಲ್ಲಿ ಸ್ವಲ್ಪ ಮಡಿಕೆ ಬಿದ್ದದ್ದು, ಮೂಲೆ ಸವೆದದ್ದು ತಗೊಂಡರೆ ಜಾತಿ ಕೆಡುವುದಿಲ್ಲ. ನನ್ನ ಹತ್ತಿರ ಒಂದು ಡಾಡ್ಜರ್ಸ್ ಕಾರ್ಡಿದೆ. ಯಾವನೋ ಹುಡುಗ ಮುಂಭಾಗದಲ್ಲಿ ‘ಬ್ರೂಕ್ಲಿನ್’ ಮೇಲೆ ನೀಲಿ ಪೆನ್ನಿನಲ್ಲಿ ಎರಡು ಗೆರೆ ಎಳೆದು, ಪಕ್ಕದಲ್ಲಿ ಪುಟ್ಟದಾಗಿ ‘ಎಲ್.ಎ.’ ಅಂತ ಬರೆದಿದ್ದಾನೆ. ಎರಡನೇ ಗೆರೆ ಎಷ್ಟು ಒತ್ತಿದ್ದಾನೆಂದರೆ ಹಿಂಭಾಗಕ್ಕೂ ಗುರುತು ಮೂಡಿದೆ. ಡಾಡ್ಜರ್ಸ್ ತಂಡ ಬ್ರೂಕ್ಲಿನ್ನಿನಲ್ಲಿ ಆಡಿದ ಕೊನೆಯ ವರ್ಷ 1957. ಮರುವರ್ಷ ಅವರು ಲಾಸ್ ಏಂಜಲೀಸ್‌ಗೆ, ಜೈಂಟ್ಸ್ ಸ್ಯಾನ್ ಫ್ರಾನ್ಸಿಸ್ಕೊಗೆ. ಗ್ರೇಡಿಂಗ್‌ಗೆ (ಸ್ಥಿತಿ ನೋಡಿ ದರ್ಜೆ ಕೊಡುವವರಿಗೆ) ಕಳಿಸಿದರೆ ಪೆನ್ನಿನ ಗುರುತಿದೆ ಅಂತ ಮೂಲೆಗೆ ತಳ್ಳುತ್ತಾರೆ. ಅದನ್ನು ಬದಲಾಯಿಸು ಅಂದರೆ ನಾನಂತೂ ಒಪ್ಪುವುದಿಲ್ಲ.

ಎರಡನೆಯದು, 407 ಅನ್ನುವ ಸಂಖ್ಯೆಯನ್ನು ಮರೆತು ಹಾಳೆಯ ಲೆಕ್ಕ ಇಟ್ಟುಕೋ. ಈ ಚಳಿಗಾಲಕ್ಕೆ 30 ಮತ್ತು 31. ಅಷ್ಟೇ. ಬಿಡಿಬಿಡಿಯಾಗಿ ಬೆಲೆ ಕೇಳುವ ಬದಲು ಇಪ್ಪತ್ತು ಮೂವತ್ತರ ಗಂಟು ಸಿಕ್ಕರೆ ಹಿಡಿ, ಇರುವವನ್ನು ಮತ್ತೆ ಮಾರು. ಕಾರ್ಡ್ ಶೋಗೆ ಹೋದಾಗ ಗಾಜಿನ ಪೆಟ್ಟಿಗೆಗಳ ಮುಂದೆ ನಿಲ್ಲಬೇಡ. ಮೇಜಿನ ಹಿಂದೆ ನಂಬರಿನ ಕ್ರಮದಲ್ಲಿ ಜೋಡಿಸಿಟ್ಟ ಉದ್ದನೆಯ ರಟ್ಟಿನ ಡಬ್ಬಗಳಿರುತ್ತವಲ್ಲ, ಅಲ್ಲಿ ಒಂದು ಕುರ್ಚಿ ಕೇಳು. ಮುದುಕರು ಕಥೆ ಹೇಳುವುದು ಅಲ್ಲೇ. ಮತ್ತೆ, ದಿನಾ ಬೆಳಗ್ಗೆ ಫೋನಿನಲ್ಲಿ ಮ್ಯಾಂಟಲ್ ರೇಟು ನೋಡುವ ಚಟ ಬಿಡು. ಷೇರು ಮಾರ್ಕೆಟ್ಟಿಗೆ ನಿನ್ನ ಬೇರೆ ಖಾತೆ ಇದೆ.

ನಾವು ಊರಲ್ಲಿ, ಸಾಗರದಲ್ಲಿ, ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡಿಗಾಗಿ ಹಲ್ಲು ಹಾಳು ಮಾಡಿಕೊಂಡದ್ದು ನೆನಪಿದೆಯಾ? ಒಬ್ಬನೇ ಆಟಗಾರ ಎಲ್ಲರ ಕಿಸೆಯಲ್ಲೂ, ಬೇಕಾದವನು ಯಾರಿಗೂ ಇಲ್ಲ. ‘ಕಂಪೆನಿಯವರು ಅದನ್ನು ಅಚ್ಚೇ ಹಾಕಿಲ್ಲ’ ಅಂತ ನೀನು ವಾದಿಸುತ್ತಿದ್ದೆ. ಇಲ್ಲಿ ಅದು ನಿಜವಾಗಿ ನಡೆದಿದೆ. 1933ರ ಗೌಡಿ ಗಮ್ ಕಂಪೆನಿಯ 240 ಕಾರ್ಡಿನ ಸೆಟ್ಟಿನಲ್ಲಿ 106ನೇ ನಂಬರ್ ಇರಲೇ ಇಲ್ಲ. ಹುಡುಗರು ಅದಕ್ಕಾಗಿ ಗಮ್ ಕೊಂಡದ್ದೇ ಕೊಂಡದ್ದು. ಮರುವರ್ಷ, ಕಾಗದ ಬರೆದು ಗೋಳಾಡಿದವರಿಗೆ ಮಾತ್ರ ಅಂಚೆಯಲ್ಲಿ ಒಂದು ಕಾರ್ಡು ಹೋಯಿತು, ಆಟ ಬಿಟ್ಟು ಎಷ್ಟೋ ಕಾಲವಾಗಿದ್ದ ನೆಪೋಲಿಯನ್ ಲಾಜೊವೆಯದು. ನಿನ್ನ 88 ಕಾರ್ಡು ಅಚ್ಚಾದರೂ ಆಗಿವೆ ಮಾರಾಯ.

ಇಂಥ ಕೆಲಸಕ್ಕೆ ಬೇಕಾದ ಮೊಂಡುತನ ನೋಡಬೇಕಾದರೆ ಜೆಫರ್ಸನ್ ಬರ್ಡಿಕ್ ಇದ್ದಾನೆ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸಿನವನು, ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. ಸಂಧಿವಾತದಿಂದ ಕೈಬೆರಳು ಸೊಟ್ಟಗಾಗಿದ್ದವು. ಕಾರ್ಡುಗಳಿಗೆ ಮೊದಲ ದೊಡ್ಡ ಕ್ಯಾಟಲಾಗ್ ಮಾಡಿದ್ದು ಅವನೇ, ಎಲ್ಲರೂ ಬಾಯಿ ಬಿಡುವ ಹೋನಸ್ ವ್ಯಾಗ್ನರ್ ಕಾರ್ಡಿನ ಸೆಟ್ಟಿಗೆ ‘ಟಿ206’ ಅಂತ ಗುರುತು ಕೊಟ್ಟವನೂ ಅವನೇ. ತಾನು ಕೂಡಿಸಿದ 3 ಲಕ್ಷಕ್ಕೂ ಮಿಕ್ಕಿದ ಕಾರ್ಡು, ಚೀಟಿಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟು, ಆ ನೋಯುವ ಕೈಯಲ್ಲೇ ಒಂದೊಂದನ್ನೂ ಆಲ್ಬಮ್ಮಿಗೆ ಅಂಟಿಸುತ್ತಾ ಕೂತ. ಹೌದು, ಗೋಂದು ಹಚ್ಚಿ! ಈಗಿನವರು ಕೇಳಿದರೆ ಎದೆ ಹಿಡಿದುಕೊಳ್ಳುತ್ತಾರೆ. 1963ರ ಜನವರಿಯಲ್ಲಿ ಅಂಟಿಸುವುದು ಮುಗಿಸಿದ, ಮಾರ್ಚಿನಲ್ಲಿ ತೀರಿಕೊಂಡ. ಅವನ ಹಾಳೆಗಳಲ್ಲಿ ವ್ಯಾಗ್ನರ್‌ಗೆ ಸಿಕ್ಕಷ್ಟೇ ಜಾಗ ಪಕ್ಕದ ಅಡ್ಡಹೆಸರೂ ನೆನಪಿಲ್ಲದ ಆಟಗಾರನಿಗೂ ಸಿಕ್ಕಿದೆ.

ನಾನು ಮುಂದಿನ ತಿಂಗಳು ಕೆಲಸದ ಮೇಲೆ ಕ್ಲೀವ್‌ಲ್ಯಾಂಡಿಗೆ ಬರುತ್ತಿದ್ದೇನೆ, ಅಲ್ಲಿಂದ ನಿಮ್ಮನೆಗೆ ಬಂದು ಹೋಗುತ್ತೇನೆ. ನನ್ನ ಹತ್ತಿರ ನಾಲ್ಕನೇ ಸರಣಿಯ ಹೆಚ್ಚುವರಿ ಕಾರ್ಡು ಒಂದಷ್ಟಿವೆ, ಹ್ಯಾಡಿಕ್ಸ್ ಕೂಡ ಅದರಲ್ಲಿದ್ದಾನೆ. ಎಡ ಮೂಲೆ ಸ್ವಲ್ಪ ದುಂಡಗಾಗಿದೆ, ತಕರಾರು ತೆಗೆಯಬೇಡ. ಪುಕ್ಕಟೆ ಕೊಡುವುದಿಲ್ಲ. ನಿನ್ನಲ್ಲಿ 1967ರ ದೊಡ್ಡ ನಂಬರಿನವು, 534ರಿಂದ ಮೇಲೆ, ಎರಡೆರಡು ಇರುವುದು ನನಗೆ ಗೊತ್ತು. ಲಿಸ್ಟು ಕಳಿಸು, ಹೋಕ್‌ಗೆ ಏನು ಕೊಡುತ್ತೀಯ ಅಂತ ಬರೆ. ಅಲ್ಲಿಯವರೆಗೆ ಯಾವ ವ್ಯಾಪಾರಿಗೂ ಫೋನ್ ಮಾಡಬೇಡ. ಅತ್ತಿಗೆಗೆ ನಮಸ್ಕಾರ ಹೇಳು, ಮೇಜು ಒಂದು ಸಂಜೆಗೆ ಬೇಕಾಗುತ್ತದೆ ಅಂತಲೂ ಹೇಳಿಡು.

ನಿನ್ನ,
ರಘು